ಒಬ್ಬರಿಂದ ಮುಗಿಯದ ಆಟಗಳು

ಐದು ಮಕ್ಕಳ ಗುಂಪಿಗೆ ಒಂದು ಡ್ರಾಯಿಂಗ್ ಶೀಟ್ ಕೊಟ್ಟು ‘ಎಲ್ಲರೂ ಸೇರಿ ಚಾರ್ಟ್ ಮಾಡಿ’ ಎಂದರೆ ಏನಾಗುತ್ತದೆಂದು ಪಾಠ ಮಾಡಿದವರಿಗೆಲ್ಲ ಗೊತ್ತು. ಅಕ್ಷರ ದುಂಡಗಿರುವವಳು ಬರೆಯುತ್ತಾಳೆ. ಚಿತ್ರ ಬರುವವನು ಬಿಡಿಸುತ್ತಾನೆ. ಒಬ್ಬ ಸ್ಕೆಚ್ ಪೆನ್ನಿನ ಮುಚ್ಚಳ ಹಿಡಿದು ನಿಲ್ಲುತ್ತಾನೆ. ಉಳಿದಿಬ್ಬರು ಪಕ್ಕದ ಗುಂಪಿನವರ ಜೊತೆ ಹರಟೆ ಹೊಡೆಯುತ್ತಾರೆ. ಕೊನೆಗೆ ಚಾರ್ಟಿನ ಕೆಳಗೆ ಐವರ ಹೆಸರೂ ಇರುತ್ತದೆ, ಗುಂಪು ಚಟುವಟಿಕೆ ನಡೆಯಿತೆಂದು ದಾಖಲೆಗೂ ಸೇರುತ್ತದೆ. ಆ ಮುಕ್ಕಾಲು ಗಂಟೆಯಲ್ಲಿ ಮಕ್ಕಳು ಒಬ್ಬರ ಮಾತಿಗೆ ಇನ್ನೊಬ್ಬರು ಕಿವಿಗೊಟ್ಟದ್ದು ಮಾತ್ರ ತೀರ ಕಡಿಮೆ.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಒಬ್ಬರೇ ಮಾಡಿ ಮುಗಿಸಬಹುದಾದ ಕೆಲಸವನ್ನು ಐವರಿಗೆ ಕೊಟ್ಟರೆ ಅದನ್ನು ಒಬ್ಬರೋ ಇಬ್ಬರೋ ಮುಗಿಸಿಬಿಡುತ್ತಾರೆ. ಗುಂಪಿನಲ್ಲಿ ಕೂರಿಸಿದ ಮಾತ್ರಕ್ಕೆ ಸಹಕಾರ ಬರುವುದಿಲ್ಲ. ನನ್ನ ಗುರಿ ಮುಟ್ಟಬೇಕಾದರೆ ನೀನೂ ಮುಟ್ಟಲೇಬೇಕು ಎಂಬ ಸ್ಥಿತಿ ಇದ್ದಾಗ ಜನ ಸಹಕರಿಸುತ್ತಾರೆ, ನೀನು ಸೋತರೆ ಮಾತ್ರ ನಾನು ಗೆಲ್ಲುವುದು ಎಂಬ ಸ್ಥಿತಿ ಇದ್ದಾಗ ಸ್ಪರ್ಧಿಸುತ್ತಾರೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟನ್ ಡಾಯ್ಚ್ 1949ರಲ್ಲಿ ವಾದಿಸಿದ್ದರು. ತಂಡದ ಆಟಗಳನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ: ಈ ಆಟವನ್ನು ಒಬ್ಬ ಜಾಣ ಹುಡುಗಿ ಒಬ್ಬಳೇ ಆಡಿ ಮುಗಿಸಬಲ್ಲಳೇ? ಬಲ್ಲಳೆಂದಾದರೆ ಅದನ್ನು ಮನರಂಜನೆಗೆ ಇಟ್ಟುಕೊಳ್ಳಿ. ಸಂವಹನ ಕಲಿಸಲು ಬೇರೆ ಆಟ ಹುಡುಕಿ.

ಪ್ರತಿ ಮಗುವಿನ ಕೈಯಲ್ಲೂ ಉಳಿದವರಿಗೆ ಬೇಕಾದ ಏನೋ ಒಂದು ಇರಬೇಕು, ಅದನ್ನು ಕೊಡದೆ ಆಟ ಮುಗಿಯಬಾರದು. ಮುಂದೆ ಬರುವ ಆಟಗಳೆಲ್ಲ ಈ ಒಂದು ಸೂತ್ರದ ಮೇಲೆ ನಿಂತಿವೆ. ಯಾವುದಕ್ಕೂ ದುಡ್ಡು ಬೇಡ. ರಟ್ಟು, ಕತ್ತರಿ, ಹಳೆಯ ಪತ್ರಿಕೆ, ಒಂದು ಹಿಡಿ ಹುಣಸೆಬೀಜ ಇದ್ದರೆ ಸಾಕು. ಹೇಳಿರುವುದು ಐದನೇ ತರಗತಿಯಿಂದ ಪಿಯುಸಿವರೆಗಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು.

ಹೇಳಿದ್ದು ಬೇರೆ, ಕೇಳಿಸಿದ್ದು ಬೇರೆ

ಮೊದಲ ದಿನಕ್ಕೆ ಒಳ್ಳೆಯದು ಚಿತ್ರ ಹೇಳುವ ಆಟ. ಒಂದು ಹಾಳೆಯ ಮೇಲೆ ಐದಾರು ಆಯತಗಳನ್ನು ಬಿಡಿಸಿ. ಒಂದರ ಮೂಲೆ ಇನ್ನೊಂದರ ಅಂಚಿಗೆ ತಾಗಿರಲಿ, ಒಂದೆರಡು ಓರೆಯಾಗಿರಲಿ. ಒಬ್ಬ ವಿದ್ಯಾರ್ಥಿ ಆ ಹಾಳೆ ಹಿಡಿದು ತರಗತಿಗೆ ಬೆನ್ನು ಮಾಡಿ ನಿಲ್ಲಬೇಕು. ಚಿತ್ರ ಹೇಗಿದೆಯೆಂದು ಬಾಯಿಮಾತಿನಲ್ಲಿ ಹೇಳಬೇಕು. ಉಳಿದವರು ಕೇಳಿಸಿಕೊಂಡು ತಮ್ಮ ನೋಟ್‌ಬುಕ್ಕಿನಲ್ಲಿ ಬಿಡಿಸಬೇಕು, ಪ್ರಶ್ನೆ ಕೇಳುವಂತಿಲ್ಲ, ‘ಇನ್ನೊಂದ್ಸಲ ಹೇಳೋ’ ಎನ್ನುವಂತಿಲ್ಲ. ಮುಗಿಯಲು ಎಷ್ಟು ನಿಮಿಷ ಹಿಡಿಯಿತೆಂದು ಕಪ್ಪುಹಲಗೆಯ ಮೇಲೆ ಬರೆಯಿರಿ. ಎರಡನೇ ಸುತ್ತಿಗೆ ಅಷ್ಟೇ ಕಷ್ಟದ ಇನ್ನೊಂದು ಚಿತ್ರ ಇರಲಿ. ಈಗ ಹೇಳುವವಳು ತರಗತಿಯ ಕಡೆಗೆ ತಿರುಗಿ ನಿಲ್ಲುತ್ತಾಳೆ, ಯಾರು ಬೇಕಾದರೂ ಎಷ್ಟು ಪ್ರಶ್ನೆ ಬೇಕಾದರೂ ಕೇಳಬಹುದು.

ಇದರ ಮೂಲದಲ್ಲಿರುವುದು ಹೆರಾಲ್ಡ್ ಲೀವಿಟ್ ಮತ್ತು ರೊನಾಲ್ಡ್ ಮ್ಯೂಲರ್ 1951ರಲ್ಲಿ ಪ್ರಕಟಿಸಿದ ಪ್ರಯೋಗ. ಅವರು ಕಂಡುಕೊಂಡದ್ದು ಇಂದಿನ ಯಾವ ತರಗತಿಯಲ್ಲೂ ಮರುಕಳಿಸುವಂಥದು. ಒಮ್ಮುಖ ಮಾತು ಬೇಗ ಮುಗಿಯುತ್ತದೆ, ತರಗತಿ ಶಾಂತವಾಗಿರುತ್ತದೆ, ಚಿತ್ರಗಳು ಮಾತ್ರ ತಪ್ಪಿರುತ್ತವೆ. ಪ್ರಶ್ನೆಗೆ ಅವಕಾಶ ಕೊಟ್ಟರೆ ಹೊತ್ತು ಹೆಚ್ಚು ಹಿಡಿಯುತ್ತದೆ, ಗದ್ದಲವಾಗುತ್ತದೆ, ಚಿತ್ರಗಳು ಸರಿಬರುತ್ತವೆ, ಬಿಡಿಸಿದವರಿಗೆ ತಮ್ಮ ಚಿತ್ರದ ಮೇಲೆ ನಂಬಿಕೆಯೂ ಇರುತ್ತದೆ. ಹೇಳುವವರ ಪಾಡು ಮಾತ್ರ ಕಷ್ಟ. ಪ್ರಶ್ನೆಗಳ ಸುರಿಮಳೆಯಲ್ಲಿ ತಾನು ಸಿಕ್ಕಿಹಾಕಿಕೊಂಡೆ ಎನಿಸುತ್ತದೆ. ಪ್ರಶ್ನೆ ಕೇಳಿದರೆ ಕೆಲವು ದೊಡ್ಡವರು ಏಕೆ ಸಿಡುಕುತ್ತಾರೆ ಎಂಬುದೂ ಮಕ್ಕಳಿಗೆ ಇಲ್ಲಿ ಅನುಭವಕ್ಕೆ ಬರುತ್ತದೆ.

ಈ ಆಟದಲ್ಲಿ ಒಂದು ಸಣ್ಣ ಸೇರ್ಪಡೆ ಬಹಳ ಕೆಲಸ ಮಾಡುತ್ತದೆ. ಉತ್ತರ ತೋರಿಸುವ ಮೊದಲು ಹೇಳಿದವಳನ್ನು ಕೇಳಿ: ‘ಎಷ್ಟು ಜನ ಸರಿಯಾಗಿ ಬಿಡಿಸಿದ್ದಾರೆ ಅಂತ ನಿನ್ನ ಅಂದಾಜು?’ ಅವಳು ಹೇಳಿದ ಸಂಖ್ಯೆಯನ್ನು ಹಲಗೆಯ ಮೇಲೆ ಬರೆದಿಡಿ. ಆಮೇಲೆ ಎಣಿಸಿ. ಸಾಮಾನ್ಯವಾಗಿ ಅಂದಾಜು ಎತ್ತರದಲ್ಲಿರುತ್ತದೆ, ಫಲಿತಾಂಶ ಕೆಳಗಿರುತ್ತದೆ.

ಈ ಅಂತರವನ್ನು ಇನ್ನೂ ಚುರುಕಾಗಿ ತೋರಿಸುವುದು ತಾಳ ಕುಟ್ಟುವ ಆಟ. ಒಬ್ಬ ಎಲ್ಲರಿಗೂ ಗೊತ್ತಿರುವ ಒಂದು ಹಾಡನ್ನು ಮನಸ್ಸಿನಲ್ಲೇ ಹಾಡಿಕೊಳ್ಳುತ್ತ ಅದರ ಲಯವನ್ನು ಡೆಸ್ಕಿನ ಮೇಲೆ ಬೆರಳಿನಿಂದ ಕುಟ್ಟಬೇಕು, ಎದುರಿಗಿರುವವನು ಹಾಡು ಯಾವುದೆಂದು ಹೇಳಬೇಕು. ನಾಡಗೀತೆ, ಪ್ರಾರ್ಥನೆ, ಸಿನಿಮಾ ಹಾಡು ಯಾವುದಾದರೂ ನಡೆಯುತ್ತದೆ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿನಿ ಎಲಿಜಬೆತ್ ನ್ಯೂಟನ್ ಇದನ್ನೇ ಅಧ್ಯಯನಕ್ಕೆ ಆರಿಸಿಕೊಂಡರು. ಕುಟ್ಟಿದ 120 ಹಾಡುಗಳಲ್ಲಿ ಕೇಳುಗರು ಗುರುತಿಸಿದ್ದು 3 ಮಾತ್ರ. ಕುಟ್ಟಿದವರ ನಿರೀಕ್ಷೆ ಅರ್ಧದಷ್ಟಾದರೂ ಗುರುತಿಸುತ್ತಾರೆ ಎಂದಿತ್ತು. ಕುಟ್ಟುವವನ ತಲೆಯೊಳಗೆ ಸ್ವರ, ಸಾಹಿತ್ಯ, ವಾದ್ಯ ಎಲ್ಲವೂ ಮೊಳಗುತ್ತಿರುತ್ತದೆ, ಕೇಳುವವನಿಗೆ ಸಿಗುವುದು ಬರಿಯ ಟಕ್ ಟಕ್. ‘ಇಷ್ಟು ಸುಲಭದ್ದು ನಿಂಗೆ ಗೊತ್ತಾಗ್ಲಿಲ್ವಾ?’ ಎಂದು ಕುಟ್ಟಿದವನು ಸಿಟ್ಟಾಗುತ್ತಾನೆ. ಆ ಸಿಟ್ಟು ಬಂದ ಕ್ಷಣವನ್ನೇ ಹಿಡಿದು ಮಾತಿಗೆ ತೊಡಗಬೇಕು. ಗಣಿತದಲ್ಲಿ ಚುರುಕಾಗಿರುವ ಹುಡುಗ ಪಕ್ಕದವನಿಗೆ ಲೆಕ್ಕ ಹೇಳಿಕೊಡುವಾಗ ಸಿಡಿಮಿಡಿಗೊಳ್ಳುವುದು ಇದೇ ಕಾರಣಕ್ಕೆ. ಎರಡು ಮೂರು ನಿಮಿಷದ ಆಟ, ಮಳೆಗಾಲದ ಡ್ರಿಲ್ ಪೀರಿಯಡ್ಡಿಗೂ ಸರಿ.

ಐದು ಚೌಕ

ನನ್ನ ಮಟ್ಟಿಗೆ ಇಡೀ ಗಂಟಿನಲ್ಲಿ ಅತ್ಯುತ್ತಮ ಆಟ ಇದು. ಗುಂಪುಗಳೊಳಗಿನ ಸಂವಹನವನ್ನು ಅಧ್ಯಯನ ಮಾಡಿದ ಅಲೆಕ್ಸ್ ಬಾವೆಲಾಸ್ ಎಂಬ ಮನಶ್ಶಾಸ್ತ್ರಜ್ಞ ರೂಪಿಸಿದ್ದು. ಆಮೇಲೆ ಗುಂಪು ಕಲಿಕೆಯ ತರಬೇತಿಗಳಲ್ಲೆಲ್ಲ ನಾನಾ ರೂಪದಲ್ಲಿ ಹರಡಿತು. ನಮ್ಮ ಅನುಕೂಲಕ್ಕೆ ಹೊಂದುವ ಒಂದು ರೂಪವನ್ನು ಇಲ್ಲಿ ಕೊಡುತ್ತಿದ್ದೇನೆ.

ಗಟ್ಟಿ ರಟ್ಟಿನಲ್ಲಿ 12 ಸೆಂ.ಮೀ. ಬದಿಯ ಐದು ಚೌಕ ಕತ್ತರಿಸಿ. ಒಂದೊಂದನ್ನೂ ಮೂರು ತುಂಡು ಮಾಡಬೇಕು. ಮೊದಲ ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ ಎರಡು ತ್ರಿಕೋನ ಮಾಡಿ, ಅದರಲ್ಲೊಂದನ್ನು ಮತ್ತೆ ಸರಿಯಾಗಿ ಎರಡು ಸಣ್ಣ ತ್ರಿಕೋನ ಮಾಡಿ. ಎರಡನೆಯ ಮತ್ತು ಮೂರನೆಯ ಚೌಕಗಳಿಗೆ ಎರಡೂ ಕರ್ಣಗಳನ್ನು ಪೆನ್ಸಿಲ್ಲಿನಲ್ಲಿ ಎಳೆದು ನಡುಬಿಂದು ಗುರುತಿಸಿ. ಮೇಲಿನ ಬದಿಯಿಂದ ನಡುಬಿಂದುವಿನವರೆಗಿನ ಒಂದು ತ್ರಿಕೋನವನ್ನು ಕತ್ತರಿಸಿ ತೆಗೆಯಿರಿ. ಉಳಿದ ಭಾಗವನ್ನು ನಡುಬಿಂದುವಿನಿಂದ ನೇರ ಕೆಳಕ್ಕೆ ಕತ್ತರಿಸಿದರೆ ಒಂದೇ ಅಳತೆಯ ಎರಡು ತುಂಡುಗಳಾಗುತ್ತವೆ. ನಾಲ್ಕನೆಯದನ್ನು ನಡುವೆ ಸೀಳಿ ಎರಡು ಆಯತ ಮಾಡಿ, ಒಂದು ಆಯತವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ. ಐದನೆಯದನ್ನೂ ಎರಡು ಆಯತ ಮಾಡಿ, ಒಂದು ಆಯತವನ್ನು ಎರಡು ಪುಟ್ಟ ಚೌಕ ಮಾಡಿ. ಒಟ್ಟು 15 ತುಂಡು.

ಈಗ ಐದು ಲಕೋಟೆಗಳಿಗೆ ಮೂರು ಮೂರು ತುಂಡು ಹಾಕಿ. ಒಂದೇ ಚೌಕದ ಮೂರೂ ತುಂಡು ಒಂದೇ ಲಕೋಟೆಗೆ ಬೀಳದಂತೆ ಬೆರೆಸಿ. ಐವರು ವೃತ್ತವಾಗಿ ನೆಲದ ಮೇಲೆ ಕೂರಲಿ, ತಲೆಗೊಂದು ಲಕೋಟೆ. ಐವರ ಮುಂದೆಯೂ ಒಂದೊಂದು ಚೌಕ, ಎಲ್ಲ ಒಂದೇ ಅಳತೆಯದು, ಸಿದ್ಧವಾದಾಗ ಆಟ ಮುಗಿಯುತ್ತದೆ. ನಿಯಮ ಮೂರೇ. ಮಾತಾಡುವಂತಿಲ್ಲ. ಕಣ್ಣು, ಕೈ, ತಲೆಯಾಡಿಸುವುದು ಯಾವುದರಿಂದಲೂ ‘ಅದು ಕೊಡು’ ಎಂದು ಸೂಚಿಸುವಂತಿಲ್ಲ. ತನ್ನ ತುಂಡನ್ನು ಬೇರೆಯವರಿಗೆ ಕೊಡಬಹುದು, ಬೇರೆಯವರದನ್ನು ತೆಗೆದುಕೊಳ್ಳುವಂತಿಲ್ಲ.

ಮೊದಲ ಐದು ನಿಮಿಷ ಪ್ರತಿಯೊಬ್ಬರೂ ತಂತಮ್ಮ ತುಂಡುಗಳನ್ನೇ ತಿರುಗಿಸಿ ಮುರುಗಿಸಿ ನೋಡುತ್ತಾರೆ. ಆಮೇಲೆ ಒಬ್ಬ ಏನನ್ನೋ ಕೊಡುತ್ತಾನೆ, ಇನ್ನೊಬ್ಬಳು ಕೊಡುತ್ತಾಳೆ, ಹೀಗೆ ಓಡಾಟ ಶುರುವಾಗುತ್ತದೆ. ಸ್ವಲ್ಪ ಹೊತ್ತಿಗೆ ಒಬ್ಬನ ಮುಂದೆ ಚೆಂದದ ಚೌಕ ಮೂಡುತ್ತದೆ. ಅವನು ಕೈಕಟ್ಟಿ ಕೂರುತ್ತಾನೆ. ತನ್ನ ಕೆಲಸ ಮುಗಿಯಿತು, ಉಳಿದವರು ತಡಮಾಡುತ್ತಿದ್ದಾರೆ ಎಂಬಂತೆ ಅವರತ್ತ ನೋಡುತ್ತಾನೆ.

ಆಟದ ಗಂಟು ಇರುವುದು ಇಲ್ಲೇ. ಮೊದಲ ಚೌಕದ ಎರಡು, ಎರಡನೆಯದರ ಒಂದು, ಮೂರನೆಯದರ ಒಂದು, ಒಟ್ಟು ನಾಲ್ಕು ಸಣ್ಣ ತ್ರಿಕೋನಗಳು ಒಂದೇ ಅಳತೆಯವು. ಆ ನಾಲ್ಕನ್ನೂ ಜೋಡಿಸಿದರೆ ಸರಿಯಾದ ಒಂದು ಚೌಕವೇ ಆಗುತ್ತದೆ. ಆದರೆ ಆಗ ಎರಡನೆಯ, ಮೂರನೆಯ ಚೌಕಗಳ ಹೊಟ್ಟೆಯಲ್ಲಿ ತ್ರಿಕೋನದ ಗುಳಿ ಹಾಗೇ ಉಳಿಯುತ್ತದೆ, ಮೊದಲ ಚೌಕದ ದೊಡ್ಡ ತ್ರಿಕೋನಕ್ಕೆ ಜೊತೆ ಸಿಗುವುದಿಲ್ಲ. ಕೈಕಟ್ಟಿ ಕೂತವನು ತಾನು ಕಟ್ಟಿದ ಚೌಕವನ್ನು ತಾನೇ ಮುರಿದು ಹಂಚದ ಹೊರತು ತಂಡ ಮುಗಿಸಲಾರದು. ಅವನಿಗೆ ಯಾರೂ ಹೇಳುವಂತಿಲ್ಲ, ಕಸಿದುಕೊಳ್ಳುವಂತಿಲ್ಲ. ಅವನು ಸುತ್ತ ನೋಡಬೇಕು, ಇನ್ನೊಬ್ಬಳ ಮುಂದಿರುವ ಗುಳಿ ತನ್ನ ಕೈಯ ತುಂಡಿನ ಆಕಾರದ್ದೇ ಎಂದು ತಾನಾಗಿ ಗಮನಿಸಬೇಕು.

ಕೆಲವು ಗುಂಪಿಗೆ ಇದು ಹತ್ತು ನಿಮಿಷಕ್ಕೆ ಹೊಳೆಯುತ್ತದೆ, ಕೆಲವಕ್ಕೆ ಇಪ್ಪತ್ತೈದಾದರೂ ಇಲ್ಲ. ಮುಗಿಸದ ಗುಂಪನ್ನು ಸೋತವರೆಂದು ಕರೆಯಬೇಡಿ. ಚೌಕ ಹಿಡಿದು ಕೂತವನನ್ನು ಬೊಟ್ಟುಮಾಡಿ ತೋರಿಸಲೂಬೇಡಿ. ‘ನಿನ್ನ ಚೌಕ ಮುಗಿದ ಮೇಲೆ ನೀನು ಏನು ನೋಡ್ತಿದ್ದೆ?’ ಎಂದು ಮೆಲ್ಲಗೆ ಕೇಳಿದರೆ ಅವನೇ ಹೇಳುತ್ತಾನೆ. ಓದಿನಲ್ಲಿ ಮುಂದಿರುವ ಮಕ್ಕಳಿಗೆ ಈ ಆಟ ಹೆಚ್ಚು ಕಷ್ಟವಾಗುವುದುಂಟು. ಬೇಗ ಮುಗಿಸಿ ಕೂರುವುದಕ್ಕೆ ಶಾಲೆ ಅವರಿಗೆ ವರ್ಷಗಟ್ಟಲೆ ಶಹಬ್ಬಾಸ್ ಹೇಳಿದೆಯಲ್ಲ.

ಇನ್ನೊಂದು ವ್ಯಾವಹಾರಿಕ ಮಾತು. 40 ಮಕ್ಕಳಿದ್ದರೆ ಎಂಟು ಸೆಟ್ ಬೇಕು. ಎಲ್ಲ ಸೆಟ್ಟಿಗೂ ಒಂದೊಂದು ಬಣ್ಣದ ರಟ್ಟು ಇಟ್ಟುಕೊಂಡರೆ ತುಂಡುಗಳು ಬೆರಕೆಯಾಗುವುದಿಲ್ಲ. ಒಂದು ಸೆಟ್ಟಿನೊಳಗೆ ಮಾತ್ರ ಬಣ್ಣ ಒಂದೇ ಇರಬೇಕು, ಇಲ್ಲದಿದ್ದರೆ ಬಣ್ಣ ನೋಡಿ ಜೋಡಿಸಿಬಿಡುತ್ತಾರೆ. ಮಕ್ಕಳ ಸಂಖ್ಯೆ ಐದರಿಂದ ಭಾಗವಾಗದಿದ್ದರೆ ಉಳಿದವರು ವೀಕ್ಷಕರಾಗಲಿ. ಯಾರು ಮೊದಲು ಕೊಟ್ಟರು, ಯಾರು ಕೊಡಲೇ ಇಲ್ಲ ಎಂದು ಗುರುತು ಹಾಕಿಕೊಳ್ಳುವುದು ಅವರ ಕೆಲಸ. ವೀಕ್ಷಕರ ಮಾತಿಗೆ ಶಿಕ್ಷಕರ ಮಾತಿಗಿಂತ ತೂಕ ಹೆಚ್ಚು.

ಪಾಠವನ್ನೇ ಆಟ ಮಾಡುವುದು

ಸಿಲಬಸ್ ಮುಗಿಸಬೇಕು, ಆಟಕ್ಕೆ ಪೀರಿಯಡ್ ಎಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ 1971ರಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಹುಟ್ಟಿತು. ಅಲ್ಲಿನ ಶಾಲೆಗಳಲ್ಲಿ ಬಿಳಿಯ, ಕಪ್ಪು ಮತ್ತು ಮೆಕ್ಸಿಕನ್ ಮೂಲದ ಮಕ್ಕಳು ಆಗಷ್ಟೇ ಒಂದೇ ತರಗತಿಯಲ್ಲಿ ಕೂರತೊಡಗಿದ್ದರು. ಜಗಳ, ಅಪನಂಬಿಕೆ ತುಂಬಿತ್ತು. ಸಹಾಯಕ್ಕೆ ಕರೆಸಿದ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಮತ್ತವರ ವಿದ್ಯಾರ್ಥಿಗಳು ತರಗತಿಯಲ್ಲಿ ಕೂತು ನೋಡಿದಾಗ ಕಂಡದ್ದು ಕೈ ಎತ್ತುವ ಪೈಪೋಟಿ. ಶಿಕ್ಷಕರ ಮೆಚ್ಚುಗೆ ಒಬ್ಬರಿಗೇ ಸಿಗುವಂಥದು, ಆದ್ದರಿಂದ ಒಬ್ಬ ತಡವರಿಸಿದರೆ ಉಳಿದವರಿಗೆ ಖುಷಿ. ಅವರು ಪಾಠವನ್ನು ತುಂಡುಮಾಡಿದರು. ಐದಾರು ಮಕ್ಕಳ ಗುಂಪಿನಲ್ಲಿ ಒಬ್ಬೊಬ್ಬರಿಗೆ ಪಾಠದ ಒಂದೊಂದು ಭಾಗ ಮಾತ್ರ. ಪರೀಕ್ಷೆ ಇಡೀ ಪಾಠದ ಮೇಲೆ. ಇಂಗ್ಲಿಷನ್ನು ತಡವರಿಸುತ್ತ ಮಾತಾಡುತ್ತಿದ್ದ ಒಬ್ಬ ಹುಡುಗನನ್ನು ಮೊದಲ ದಿನಗಳಲ್ಲಿ ಗುಂಪಿನವರು ಗೇಲಿ ಮಾಡಿದರು. ಅವನ ಭಾಗ ಅವನಿಗೆ ಮಾತ್ರ ಗೊತ್ತು, ಗೇಲಿಯಿಂದ ಅಂಕ ಬರುವುದಿಲ್ಲ ಎಂದು ಅರಿವಾದ ಮೇಲೆ ತಾಳ್ಮೆಯಿಂದ ಪ್ರಶ್ನೆ ಕೇಳಿ ಅವನಿಂದ ವಿಷಯ ಹೊರಡಿಸಲು ಕಲಿತರು. ಹಾಗೆ ಕೇಳತೊಡಗಿದ ಮೇಲೆ ಅವನ ತಡವರಿಕೆಯೂ ಕಡಿಮೆಯಾಯಿತು. ಈ ವಿಧಾನಕ್ಕೆ ಜಿಗ್‌ಸಾ ತರಗತಿ ಎಂಬ ಹೆಸರು ನಿಂತಿತು.

ನಮ್ಮ ಸಮಾಜ ವಿಜ್ಞಾನದ ಕಾವೇರಿಯನ್ನೇ ತೆಗೆದುಕೊಳ್ಳಿ. ಐದು ಚೀಟಿ ಮಾಡಿ. ಒಂದರಲ್ಲಿ ಉಗಮ, ಕೊಡಗಿನ ತಲಕಾವೇರಿ. ಎರಡನೆಯದರಲ್ಲಿ ಹಾರಂಗಿ, ಹೇಮಾವತಿ, ಕಬಿನಿ, ಶಿಂಷಾ, ಅರ್ಕಾವತಿ ಎಂಬ ಉಪನದಿಗಳು. ಮೂರನೆಯದರಲ್ಲಿ 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ, ಅದರಿಂದ ನೀರುಂಡ ಮಂಡ್ಯದ ಗದ್ದೆಗಳು. ನಾಲ್ಕನೆಯದರಲ್ಲಿ ಶಿವನಸಮುದ್ರದ ಜಲಪಾತ ಮತ್ತು ಅಲ್ಲಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತು. ಐದನೆಯದರಲ್ಲಿ ತಮಿಳುನಾಡಿನ ಮುಖಜಭೂಮಿ ಮತ್ತು ಸಮುದ್ರ ಸೇರುವ ಪೂಂಪುಹಾರ್. ಒಂದೇ ಚೀಟಿ ಸಿಕ್ಕ ಎಲ್ಲ ಗುಂಪಿನ ಮಕ್ಕಳು ಮೊದಲು ಒಟ್ಟಿಗೆ ಕೂತು ಓದಿ, ಹೇಗೆ ಹೇಳಿಕೊಡಬೇಕೆಂದು ಅಭ್ಯಾಸ ಮಾಡಲಿ. ಈ ಹಂತವನ್ನು ಬಿಡಬೇಡಿ. ಓದಿನಲ್ಲಿ ಹಿಂದಿರುವ ಮಗು ಇಲ್ಲಿ ಜೊತೆಯವರಿಂದ ಸಿದ್ಧವಾಗುತ್ತದೆ, ತನ್ನ ಗುಂಪಿಗೆ ಮರಳುವಾಗ ಖಾಲಿ ಕೈಯಲ್ಲಿ ಹೋಗುವುದಿಲ್ಲ. ಮೂಲ ಗುಂಪಿಗೆ ಮರಳಿದ ಮೇಲೆ ಒಬ್ಬೊಬ್ಬರೂ ತಮ್ಮ ಭಾಗ ಕಲಿಸುತ್ತಾರೆ. ಕೊನೆಗೆ ಚೀಟಿಗಳನ್ನು ವಾಪಸು ಪಡೆದು ಐದೂ ಭಾಗಗಳ ಮೇಲೆ ಹತ್ತು ಪ್ರಶ್ನೆ ಕೇಳಿ.

ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಇದು ತೀರ ಹೊರಗಿನ ಸಂಗತಿಯೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ವಿಧಾನದಲ್ಲಿ ಒಂದನೇ ತರಗತಿಯ ಮಗುವೇ ಸಹಪಾಠಿಗಳ ಸಹಾಯ ಪಡೆಯುವ ಗುಂಪಿನಲ್ಲಿ (ಅಲ್ಲಿ ಅದಕ್ಕೆ ‘ತಟ್ಟೆ’ ಎನ್ನುತ್ತಾರೆ) ಕೂತು ಕಲಿಯುತ್ತದೆ. ಅಲ್ಲಿ ಮೂಡಿದ ಈ ಅಭ್ಯಾಸ ಮುಂದಿನ ತರಗತಿಗಳಲ್ಲಿ ಸಾಲು ಬೆಂಚುಗಳ ನಡುವೆ ಕಳೆದುಹೋಗುವುದು ನಷ್ಟ.

ಮೈದಾನದಲ್ಲಿ

ಹೊರಗಿನಿಂದ ಆಟ ತರುವ ಮೊದಲು ಖೊ-ಖೊವನ್ನು ಹೊಸ ಕಣ್ಣಿನಿಂದ ನೋಡಬೇಕು. ಬೆನ್ನಟ್ಟುವ ತಂಡದ ಎಂಟು ಜನ ಅಕ್ಕಪಕ್ಕದವರು ವಿರುದ್ಧ ದಿಕ್ಕಿಗೆ ಮುಖಮಾಡಿ ಕೂತಿರುತ್ತಾರೆ, ಒಂಬತ್ತನೆಯವಳು ಓಡುತ್ತಾಳೆ. ಅವಳು ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ, ನಡುಗೆರೆ ದಾಟುವಂತಿಲ್ಲ. ಓಡುವ ಎದುರಾಳಿಗೆ ಆ ಎರಡೂ ಸ್ವಾತಂತ್ರ್ಯವಿದೆ. ಆದ್ದರಿಂದ ಎಷ್ಟೇ ವೇಗವಿದ್ದರೂ ಬೆನ್ನಟ್ಟುವವಳೊಬ್ಬಳೇ ಹಿಡಿಯಲಾರಳು. ಸರಿಯಾದ ಹೊತ್ತಿಗೆ, ಸರಿಯಾದ ಕಡೆ ಮುಖಮಾಡಿ ಕೂತವಳಿಗೆ ಹಿಂದಿನಿಂದ ಖೊ ಕೊಟ್ಟು ತಾನು ಕೂರಬೇಕು. ಕೂತವಳು ಎದ್ದ ಮೇಲೆ ಯೋಚಿಸಿದರೆ ತಡವಾಯಿತು, ಕೂತಲ್ಲೇ ಆಟ ಓದುತ್ತಿರಬೇಕು. ಕಬಡ್ಡಿಯಲ್ಲಿ ಕೈ ಕೈ ಹಿಡಿದು ಚೈನ್ ಕಟ್ಟಿದ ಇಬ್ಬರು ಒಂದೇ ಕ್ಷಣ ಮುನ್ನುಗ್ಗದಿದ್ದರೆ ರೈಡರ್ ನಡುವೆ ನುಸುಳುತ್ತಾನೆ. ಲಗೋರಿಯಲ್ಲಿ ಕಲ್ಲು ಪೇರಿಸುವವನಿಗೆ ಚೆಂಡು ಎಲ್ಲಿದೆಯೆಂದು ಕಾಣುವುದಿಲ್ಲ, ದೂರ ನಿಂತ ಜೊತೆಗಾರ ಕೂಗಿ ಹೇಳಬೇಕು. ಪಿ.ಟಿ. ಶಿಕ್ಷಕರು ಆಟ ಮುಗಿದ ಮೇಲೆ ಅಂಕದ ಜೊತೆಗೆ ಐದು ನಿಮಿಷ ಇದನ್ನೂ ಮಾತಾಡಿದರೆ ಬೇರೆ ‘ತಂಡ ಕಟ್ಟುವ ಆಟ’ ಅರ್ಧಕ್ಕರ್ಧ ಬೇಕಾಗುವುದಿಲ್ಲ.

ಮಾತಿನ ನಿಖರತೆಯನ್ನು ಕಲಿಸುವುದು ಕಣ್ಣುಕಟ್ಟಿ ನಡೆಸುವ ಆಟ. ಅಂಗಳದಲ್ಲಿ ಚಪ್ಪಲಿ, ಬಾಟಲಿ, ಬ್ಯಾಗು ಹರಡಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡವನು ಯಾವುದನ್ನೂ ತುಳಿಯದೆ ಆಚೆ ತಲುಪಬೇಕು, ಜೊತೆಗಾರ ಅಂಚಿನಲ್ಲಿ ನಿಂತು ಮಾತಿನಲ್ಲೇ ದಾರಿ ಹೇಳಬೇಕು. ‘ಈ ಕಡೆ ಬಾ’ ಎಂಬ ಮಾತಿಗೆ ಬೆಲೆಯಿಲ್ಲವೆಂದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಎಡ ಬಲ ಎಂದರೆ ಯಾರ ಎಡ, ಯಾರ ಬಲ ಎಂದು ಮೊದಲೇ ಒಪ್ಪಂದ ಬೇಕಾಗುತ್ತದೆ. ಒಂದೇ ಹೊತ್ತಿಗೆ ನಾಲ್ಕೈದು ಜೋಡಿ ಬಿಟ್ಟರೆ ಗದ್ದಲದಲ್ಲಿ ತನ್ನ ಜೊತೆಗಾರನ ದನಿಯನ್ನೇ ಹಿಡಿದು ಕೇಳುವುದೂ ಅಭ್ಯಾಸವಾಗುತ್ತದೆ. ಕಲ್ಲು, ಇಟ್ಟಿಗೆ ಇಡಬೇಡಿ, ಓಡಲು ಬಿಡಬೇಡಿ. ಕಣ್ಣು ಕಟ್ಟಿಸಿಕೊಳ್ಳಲು ಹೆದರುವ ಮಗುವನ್ನು ಒತ್ತಾಯಿಸಬೇಡಿ. ಹಿಂದಕ್ಕೆ ಬಿದ್ದು ಜೊತೆಯವರು ಹಿಡಿಯುವ ‘ನಂಬಿಕೆಯ ಆಟ’ ಶಾಲೆಗೆ ಬೇಡವೇ ಬೇಡ. ಹಿಡಿಯುವವರು ಒಂದು ಕ್ಷಣ ಮೈಮರೆತರೆ ತಲೆಗೆ ಪೆಟ್ಟು.

ಗೋಪುರ ಕಟ್ಟುವ ಆಟ ಹೆಚ್ಚಿನವರಿಗೆ ಗೊತ್ತಿರುವಂಥದು. ಪೀಟರ್ ಸ್ಕಿಲ್‌ಮನ್ ರೂಪಿಸಿ ಟಾಮ್ ವುಜೆಕ್ 2010ರ ಒಂದು ಭಾಷಣದಿಂದ ಪ್ರಸಿದ್ಧಗೊಳಿಸಿದ ಮೂಲ ಆಟದಲ್ಲಿ ನಾಲ್ವರ ತಂಡಕ್ಕೆ 20 ಸ್ಪಗೆಟ್ಟಿ ಕಡ್ಡಿ, ಒಂದಿಷ್ಟು ಟೇಪು, ದಾರ ಮತ್ತು ತುದಿಯ ಮೇಲಿಡಲು ಮೆತ್ತನೆಯ ಮಿಠಾಯಿಯಾದ ಒಂದು ಮಾರ್ಷ್‌ಮ್ಯಾಲೊ, ಸಮಯ 18 ನಿಮಿಷ. ಮ್ಯಾನೇಜ್‌ಮೆಂಟ್ ಪದವೀಧರರಿಗಿಂತ ಶಿಶುವಿಹಾರದ ಮಕ್ಕಳು ಎತ್ತರ ಕಟ್ಟುತ್ತಾರೆಂದು ವುಜೆಕ್ ತೋರಿಸಿದರು. ದೊಡ್ಡವರು ಯಾರು ಮುಖಂಡ ಎಂಬುದರಲ್ಲಿ ಮತ್ತು ಯೋಜನೆಯಲ್ಲಿ ಹೊತ್ತು ಕಳೆದು ಕೊನೆಯ ಕ್ಷಣ ಭಾರ ಇಟ್ಟು ಬೀಳಿಸುತ್ತಾರೆ, ಮಕ್ಕಳು ಮೊದಲಿನಿಂದಲೂ ಇಟ್ಟು ನೋಡಿ ಸರಿಮಾಡುತ್ತ ಹೋಗುತ್ತಾರೆ. ನಮಗೆ ತೆಂಗಿನ ಕಡ್ಡಿ, ದಾರ ಮತ್ತು ಗೋಲಿಯಷ್ಟು ದೊಡ್ಡ ಹಸಿಮಣ್ಣಿನ ಉಂಡೆ ಸಾಕು.

ಗೆಲ್ಲಿಸುವ ಆಸೆ

ಆಟ ಚುರುಕಾಗಲೆಂದು ‘ಮೊದಲು ಮುಗಿಸಿದ ಗುಂಪಿಗೆ ಬಹುಮಾನ’ ಎಂದು ಘೋಷಿಸುವುದು ಬಹಳ ಸಹಜ. ಇದನ್ನು ಮಾಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. 1954ರ ಬೇಸಿಗೆಯಲ್ಲಿ ಮುಜಫರ್ ಶೆರೀಫ್ ಮತ್ತು ಸಂಗಡಿಗರು ಅಮೆರಿಕದ ಒಕ್ಲಹೋಮಾದ ರಾಬರ್ಸ್ ಕೇವ್ ಎಂಬಲ್ಲಿ 22 ಹುಡುಗರ ಶಿಬಿರ ನಡೆಸಿದರು. ಎರಡು ಗುಂಪು ಮಾಡಿ, ಬಹುಮಾನವಿಟ್ಟು ಸ್ಪರ್ಧೆಗಳನ್ನು ನಡೆಸಿದಾಗ ಕೆಲವೇ ದಿನಗಳಲ್ಲಿ ಅದು ಬೈಗುಳಕ್ಕೆ, ಬಾವುಟ ಸುಡುವುದಕ್ಕೆ, ಇನ್ನೊಬ್ಬರ ಕೋಣೆಗೆ ನುಗ್ಗುವುದಕ್ಕೆ ತಿರುಗಿತು. ಒಟ್ಟಿಗೆ ಊಟಕ್ಕೆ ಕೂರಿಸಿದರೆ ಊಟವನ್ನೇ ಎಸೆದಾಡಿದರು. ಕೊನೆಗೆ ಅವರನ್ನು ಹತ್ತಿರ ತಂದದ್ದು ಇಬ್ಬರಿಗೂ ಬೇಕಾದ, ಒಂದು ಗುಂಪಿನಿಂದ ಆಗದ ಕೆಲಸಗಳು. ಶಿಬಿರಕ್ಕೆ ನೀರು ನಿಂತಾಗ ಇಬ್ಬರೂ ಸೇರಿ ತೊಂದರೆ ಹುಡುಕಿದರು. ಊಟ ತರಬೇಕಿದ್ದ ಟ್ರಕ್ಕು ಕೆಟ್ಟು ನಿಂತಾಗ, ಹಿಂದೆ ಎದುರುಬದುರು ನಿಂತು ಜಗ್ಗಿದ್ದ ಹಗ್ಗವನ್ನೇ ಕಟ್ಟಿ ಎಲ್ಲರೂ ಒಂದೇ ಕಡೆಗೆ ಎಳೆದರು. ಮಕ್ಕಳಿಗೆ ತಿಳಿಸದೆ ನಡೆಸಿದ ಆ ಪ್ರಯೋಗದ ನೈತಿಕತೆಯ ಬಗ್ಗೆ ಮುಂದೆ ಕಟುವಾದ ಟೀಕೆ ಬಂತು, ಅದು ಸರಿಯೇ. ಆದರೂ ಅಲ್ಲಿ ಕಂಡ ಸತ್ಯವನ್ನು ಮರೆಯಲಾಗದು.

ಗುಂಪಿನೊಳಗೆ ಸಹಕಾರ, ಗುಂಪುಗಳ ನಡುವೆ ಪೈಪೋಟಿ ಇಟ್ಟರೆ ನಿಧಾನದ ಮಗು ತನ್ನ ಗುಂಪಿಗೆ ಭಾರವಾಗುತ್ತದೆ. ‘ನಿನ್ನಿಂದಲೇ ಸೋತ್ವಿ’ ಎಂಬ ಮಾತು ಬರುತ್ತದೆ. ಬದಲಿಗೆ ಇಡೀ ತರಗತಿಗೆ ಒಂದು ಗುರಿಯಿಡಿ: ಎಂಟೂ ಗುಂಪು ನಿಗದಿತ ಸಮಯದೊಳಗೆ ಮುಗಿಸಬೇಕು, ಮುಗಿಸಿದವರು ಬೇರೆ ಗುಂಪಿನ ಹಿಂದೆ ಸುಮ್ಮನೆ ನಿಂತು ನೋಡಬಹುದು. ಇಲ್ಲವೇ ಹೋದ ವಾರದ ತಮ್ಮದೇ ಸಮಯವನ್ನು ಮೀರಿಸಲಿ.

ಗುಂಪು ಮಾಡುವ ಕೆಲಸವನ್ನು ಮಕ್ಕಳಿಗೆ ಬಿಟ್ಟರೆ ಬೆಂಚಿನ ಸ್ನೇಹಿತರೇ ಒಂದಾಗುತ್ತಾರೆ, ಕೊನೆಗೆ ಯಾರಿಗೂ ಬೇಡವಾದ ಒಂದು ಮಗು ಎಲ್ಲರೆದುರು ನಿಂತಿರುತ್ತದೆ. ಆ ಅವಮಾನಕ್ಕೆ ಅವಕಾಶವೇ ಇರಬಾರದು. ಒಂದು, ಎರಡು, ಮೂರು ಎಂದು ಎಣಿಸಿ ಹಂಚಿ. ನಾಲ್ಕೈದು ಜನ ಸಾಕು, ಆರಾದರೆ ಒಬ್ಬರಾದರೂ ನೋಡುಗರಾಗಿ ಉಳಿಯುತ್ತಾರೆ. ಹುಡುಗ ಹುಡುಗಿಯರು ಕೈಹಿಡಿಯಲು ಸಂಕೋಚಪಡುವ ತರಗತಿಯಲ್ಲಿ ಎಲ್ಲರೂ ಕೈ ಕೈ ಹೆಣೆದು ಆ ಗಂಟನ್ನು ಬಿಡಿಸುವಂಥ ಆಟಗಳಿಗೆ ಟವೆಲ್ಲಿನ ಎರಡು ತುದಿ ಹಿಡಿಸಿದರಾಯಿತು. ಗಾಲಿಕುರ್ಚಿಯಲ್ಲಿರುವ, ದೃಷ್ಟಿ ಕಡಿಮೆಯಿರುವ ಮಗುವಿದ್ದರೆ ಆ ದಿನದ ಆಟವನ್ನು ಆ ಮಗುವಿಗೂ ಆಡಲಾಗುವಂತೆಯೇ ಆರಿಸಬೇಕು. ಅಂಕ ಬರೆಯಲು ಕೂರಿಸಿ ಸಮಾಧಾನಪಡಬಾರದು.

ಮಾತುಗಾರರ ಕಾಟಕ್ಕೆ ಹುಣಸೆಬೀಜವೇ ಮದ್ದು. ಗೋಪುರದ ಆಟವೋ ಚರ್ಚೆಯೋ ಶುರುವಾಗುವ ಮೊದಲು ತಲೆಗೆ ಮೂರು ಬೀಜ ಹಂಚಿ. ಒಂದು ಸಲ ಮಾತಾಡಿದರೆ ಒಂದು ಬೀಜ ನಡುವೆ ಹಾಕಬೇಕು. ಮೂರೂ ಖಾಲಿಯಾದವರು ಉಳಿದವರ ಬೀಜ ಮುಗಿಯುವವರೆಗೆ ಬಾಯಿ ತೆರೆಯುವಂತಿಲ್ಲ. ಎರಡನೇ ನಿಮಿಷಕ್ಕೇ ಖಾಲಿಯಾಗುವವರು ಮುಂದಿನ ಸಲ ಯೋಚಿಸಿ ಮಾತಾಡುತ್ತಾರೆ. ಮಾತಾಡದ ಮಗುವಿನ ಕೈಯಲ್ಲಿ ಮೂರು ಬೀಜ ಉಳಿದಿರುವುದು ಎಲ್ಲರಿಗೂ ಕಾಣುತ್ತದೆ. ‘ನೀನು ಹೇಳೆ, ನಿಂಗೇನನ್ಸತ್ತೆ?’ ಎಂದು ಗುಂಪಿನವರೇ ಕೇಳತೊಡಗುತ್ತಾರೆ.

ಆಟದ ಮೇಲಿನ ಮಾತು

40 ನಿಮಿಷದ ಪೀರಿಯಡ್ಡಿನಲ್ಲಿ ನಿಯಮಕ್ಕೆ 5, ಆಟಕ್ಕೆ 20, ಮಾತಿಗೆ 15 ನಿಮಿಷ ಮೀಸಲಿಡಿ. ಸಮಯ ಸಾಲದೆ ಬಂದರೆ ಆಟವನ್ನು ಅರ್ಧಕ್ಕೆ ನಿಲ್ಲಿಸಿ, ಮಾತನ್ನು ಬಿಡಬೇಡಿ. ಆಟ ಅನುಭವ ಕೊಡುತ್ತದೆ, ಆ ಅನುಭವದಿಂದ ಏನನ್ನು ಹೆಕ್ಕಿಕೊಳ್ಳಬೇಕೆಂಬುದು ಮಾತಿನಲ್ಲೇ ತಿಳಿಯಾಗುವುದು. 1970ರಲ್ಲಿ ಟೆರಿ ಬೋರ್ಟನ್ ಎಂಬ ಶಿಕ್ಷಕರು ತಮ್ಮ ಪುಸ್ತಕದಲ್ಲಿ ಮುಂದಿಟ್ಟ ಮೂರು ಪ್ರಶ್ನೆಗಳು ಇಂದಿಗೂ ಸಾಕು: ಏನಾಯಿತು? ಅದರಿಂದ ಏನು ತಿಳಿಯಿತು? ಇನ್ನು ಮುಂದೆ ಏನು ಮಾಡೋಣ?

ಕ್ರಮ ಮುಖ್ಯ. ನೇರವಾಗಿ ‘ಈ ಆಟದಿಂದ ಏನು ಕಲಿತಿರಿ?’ ಎಂದರೆ ‘ಒಗ್ಗಟ್ಟಿನಲ್ಲಿ ಬಲವಿದೆ ಮಿಸ್’ ಎಂಬ ಸಿದ್ಧ ಉತ್ತರ ಒಕ್ಕೊರಲಿನಿಂದ ಬರುತ್ತದೆ, ಅಲ್ಲಿಗೆ ಯೋಚನೆ ನಿಲ್ಲುತ್ತದೆ. ಮೊದಲು ನಡೆದದ್ದನ್ನಷ್ಟೇ ಕೇಳಿ. ಯಾರು ಮೊದಲು ಕೊಟ್ಟರು? ಯಾರ ಮಾತು ಯಾರಿಗೂ ಕೇಳಿಸಲಿಲ್ಲ? ನಿನಗೆ ಯಾವಾಗ ಸಿಟ್ಟು ಬಂತು? ಎಲ್ಲರೂ ವೃತ್ತವಾಗಿ ಕೂತು, ಶಿಕ್ಷಕರೂ ಅದೇ ವೃತ್ತದಲ್ಲಿ ನೆಲದ ಮೇಲೆ ಕೂತರೆ ಉತ್ತರಗಳ ಬಣ್ಣವೇ ಬೇರೆ. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಆ ಮೌನ ಶಿಕ್ಷಕರಿಗೆ ಕಷ್ಟ, ಮಕ್ಕಳಿಗೆ ಅಗತ್ಯ. ಎರಡನೆಯ ಪ್ರಶ್ನೆಯಲ್ಲಿ ಕಾರಣಕ್ಕೆ ಹೋಗಿ. ಮೂರನೆಯದು ನಾಳೆಯ ಒಂದು ನಿಜವಾದ ಕೆಲಸಕ್ಕೆ ಕಟ್ಟಿಕೊಳ್ಳಲಿ: ಗುರುವಾರದ ವಿಜ್ಞಾನ ಪ್ರಯೋಗ, ಬಿಸಿಯೂಟ ಬಡಿಸುವ ಸರದಿ, ಶಾಲಾ ವಾರ್ಷಿಕೋತ್ಸವದ ನಾಟಕ. ‘ಪ್ರಯೋಗದಲ್ಲಿ ಬರೆಯೋರು ಅಳತೆ ಓದೋರನ್ನ ಇನ್ನೊಂದ್ಸಲ ಕೇಳ್ಬೇಕು’ ಎಂಬಷ್ಟು ಸಣ್ಣ, ಮಾಡಬಲ್ಲ ನಿರ್ಧಾರ ಬಂದರೆ ಆ ದಿನದ ಆಟ ಸಾರ್ಥಕ.

ಶಿಕ್ಷಕರ ನಡವಳಿಕೆಯೂ ಇಲ್ಲಿ ಪರೀಕ್ಷೆಗೆ ಬರುತ್ತದೆ. ಆಟದ ನಡುವೆ ಸುಳಿವು ಕೊಡಲು ನಾಲಿಗೆ ತುದಿಗೆ ಬಂದಿರುತ್ತದೆ. ನಾಲ್ಕು ತ್ರಿಕೋನಗಳ ಚೌಕ ಹಿಡಿದು ಕೂತ ಹುಡುಗನನ್ನು ನೋಡಿ ಒಂದು ಕೆಮ್ಮು ಕೆಮ್ಮಿದರೂ ಅವನು ತಾನಾಗಿ ಕಾಣಬಹುದಾಗಿದ್ದನ್ನು ಕಸಿದುಕೊಂಡಂತೆ. ಬಾಯಿಮುಚ್ಚಿ ನೋಡುತ್ತ, ಚೀಟಿಯಲ್ಲಿ ಗುರುತು ಮಾಡಿಕೊಳ್ಳುವುದಷ್ಟೇ ಆಗಿನ ಕೆಲಸ.

ಒಂದು ದಿನದ ಆಟದಿಂದ ಏನೂ ಬದಲಾಗದು. ಹದಿನೈದು ದಿನಕ್ಕೊಮ್ಮೆ, ಬ್ಯಾಗಿಲ್ಲದ ಶನಿವಾರವೋ ಬೇರೆ ಯಾವ ದಿನವೋ, ಒಂದು ಆಟ ಎಂದು ವರ್ಷಪೂರ್ತಿ ಇಟ್ಟುಕೊಳ್ಳುವುದು ಒಳ್ಳೆಯದು. ಚಿತ್ರ ಹೇಳುವುದು, ತಾಳ ಕುಟ್ಟುವುದು ಮೊದಲು ಬರಲಿ, ಮಾತಿನ ಆಟಗಳಿಂದ ಹೆದರಿಕೆ ಹೋಗುತ್ತದೆ. ಐದು ಚೌಕ ಆಮೇಲೆ. ಜಿಗ್‌ಸಾ ಅದರ ನಂತರ, ಏಕೆಂದರೆ ಅದಕ್ಕೆ ಅಂಕದ ಭಾರವಿದೆ. ನಾಲ್ಕೈದು ಆಟಗಳಾದ ಮೇಲೆ ಆಟವಿಲ್ಲದ ದಿನದಲ್ಲಿ ತರಗತಿಯನ್ನು ನೋಡಿ. ಲೆಕ್ಕ ಬಾರದವನು ಪಕ್ಕದವಳನ್ನು ಕೇಳುತ್ತಾನೆಯೇ, ಕೇಳಿದಾಗ ಅವಳು ಉತ್ತರ ತೋರಿಸುತ್ತಾಳೆಯೇ ಅಥವಾ ಅವನಿಗೆ ಎಲ್ಲಿ ತೊಡಕಾಯಿತೆಂದು ತಿರುಗಿ ಕೇಳುತ್ತಾಳೆಯೇ? ನಿಮ್ಮ ಚೀಟಿಯಲ್ಲಿ ಪ್ರತಿ ಸಲ ‘ಕೊಡಲಿಲ್ಲ’, ‘ಮಾತಾಡಲಿಲ್ಲ’ ಎಂಬ ಗುರುತು ಒಂದೇ ಹೆಸರಿನ ಮುಂದೆ ಬಿದ್ದಿದ್ದರೆ ಆ ಮಗುವಿಗೆ ಇನ್ನೊಂದು ಆಟ ಪರಿಹಾರವಲ್ಲ. ಮನೆಭಾಷೆ ಬೇರೆಯಿರಬಹುದು, ಕಿವಿ ಮಂದವಿರಬಹುದು, ಮನೆಯಲ್ಲಿ ಏನೋ ನಡೆಯುತ್ತಿರಬಹುದು. ಬಿಡುವಿನ ಹೊತ್ತಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಮಾತಾಡಿಸಿ, ಅಗತ್ಯವಿದ್ದರೆ ಪೋಷಕರನ್ನು ಕರೆಸಿ ವಿಚಾರಿಸಿ. ಮುಂದಿನ ಸಲ ಗುಂಪು ಎಣಿಸುವಾಗ ಆ ಮಗು ತಾಳ್ಮೆಯಿಂದ ಕೇಳಿಸಿಕೊಳ್ಳುವ ಇಬ್ಬರ ಜೊತೆ ಬರುವಂತೆ, ಯಾರಿಗೂ ಗೊತ್ತಾಗದ ಹಾಗೆ, ಎಣಿಕೆಯನ್ನು ಸ್ವಲ್ಪ ಆಚೀಚೆ ಮಾಡಿಕೊಳ್ಳಿ.